ತೂಕ ನೋಡಿ ಕಂಪ್ಯೂಟರ್ ಕೊಂಡವರು

ನನ್ನ ಮೊಮ್ಮಗಳು ಪಲ್ಲವಿ ಇವತ್ತು ಮೊದಲನೇ ಕಂಪ್ಯೂಟರ್ ಮಾರಿದಳು! ಒಬ್ಬಳೇ, ಹಗಲು ಹನ್ನೊಂದೂವರೆಗೆ, ಬ್ರೂಸ್‌ಪೇಟೆಯ ಅಂಗಡಿಯಲ್ಲಿ ನಿಂತು. ಫೋನ್ ಬಂದಾಗ ನಾನು ಹೆಸರುಕಾಳು ಕೇರುತ್ತಿದ್ದೆ. ಮೊರ ಅಲ್ಲೇ ಬಿಟ್ಟು ಎದ್ದು, ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಬಾಗಿಲು ತೆರೆದಿದ್ದ ಮನೆಗಳಿಗೆಲ್ಲ ಹೇಳಿದೆ. ಬಾಗಿಲು ಹಾಕಿಕೊಂಡಿದ್ದ ಎರಡು ಮನೆಗಳನ್ನು ಬಡಿದು ಎಬ್ಬಿಸಿ ಹೇಳಿದೆ.

"ಲಗ್ನ ಗೊತ್ತಾತೇನು ಹುಲಿಗೆಮ್ಮಾ?" ಅಂದಳು ಎದುರುಮನೆಯಾಕೆ.

"ಲಗ್ನ ಯಾರಿಗೆ ಬೇಕು? ಕಂಪ್ಯೂಟರ್ ಮಾರ್ಯಾಳ!" ಅಂದೆ.

ಫೋನಿನಲ್ಲಿ ಪಲ್ಲವಿ ಇನ್ನೊಂದು ಮಾತನ್ನೂ ಹೇಳಿದ್ದಳು. ಅದನ್ನು ಓಣಿಗೆ ಹೇಳಲಿಲ್ಲ. "ಅಜ್ಜಿ, ಕಿರಣ್ ಸರ್ ಸಿಟ್ಟಾಗ್ಯಾರ. ಸಂಜೀಕ ಮಾತಾಡೋಣು ಅಂದಾರ. ಕೆಲ್ಸ ಉಳಿತೈತೋ ಇಲ್ಲೋ." ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಮಾತಾಡಿಸುವ ಕೆಲಸಕ್ಕೆ, ಒಂದು ತಿಂಗಳು ನೋಡಿ ಆಮೇಲೆ ಇಟ್ಟುಕೊಳ್ಳುತ್ತೇವೆ ಎಂದು ಹೇಳಿ ಸೇರಿಸಿಕೊಂಡಿದ್ದರು. ಆ ತಿಂಗಳು ಇವತ್ತಿಗೆ ಮುಗಿಯುತ್ತದೆ.

ನಡೆದದ್ದು ಇಷ್ಟು. ಸಿರುಗುಪ್ಪದಿಂದ ರೇಣುಕಾ ಎಂಬ ಹೆಣ್ಣುಮಗಳು ಬಂದಿದ್ದಾಳೆ. ಜನರ ಅರ್ಜಿ ತುಂಬಿ ಪ್ರಿಂಟ್ ತೆಗೆದುಕೊಡುವ ಅಂಗಡಿ ಹಾಕುವವಳಂತೆ. ಷೋಕೇಸಿನಲ್ಲಿ ಒಂದು ಕಂಪ್ಯೂಟರ್ ಕೂತಿದೆ, ಒಂದು ಪಕ್ಕಕ್ಕೆ ಗಾಜು, ಒಳಗೆ ಮದುವೆಮನೆಯ ಸೀರಿಯಲ್ ಸೆಟ್ಟಿನ ಹಾಗೆ ಏಳು ಬಣ್ಣದ ದೀಪ. ಆಟ ಆಡುವವರ ಯಂತ್ರ ಅದು. ಆರು ತಿಂಗಳಿಂದ ಅಲ್ಲೇ ಕೂತು ಮಿಣುಗುಟ್ಟುತ್ತಿದೆ. ರೇಣುಕಾ ಅದನ್ನೇ ಬೇಕೆಂದಳು, ಮಾಲೀಕ ಕಿರಣ ಹೂಂ ಎಂದು ತಲೆ ಆಡಿಸಿಯೂ ಆಗಿತ್ತು. ಅಷ್ಟರಲ್ಲಿ ನಮ್ಮ ಹುಡುಗಿ ಸ್ಕ್ರೂಡ್ರೈವರ್ ತಗೊಂಡು ಗಾಜಿಲ್ಲದ ಆ ಕಡೆಯ ತಗಡು ಬಿಚ್ಚಿ, ಮರೆಯಲ್ಲಿ ಕೂತಿದ್ದ ಹಗುರವಾದ, ಹೆಸರಿಲ್ಲದ ಪವರ್ ಸಪ್ಲೈ ತೋರಿಸಿ ಹೇಳಿದಳಂತೆ: "ಅಕ್ಕಾ, ಈ ದೀಪ ಅರ್ಜಿ ತುಂಬಂಗಿಲ್ಲ." ಆಮೇಲೆ ಮೂಲೆಯಲ್ಲಿದ್ದ ಸಣ್ಣ ಕರಿ ಪೆಟ್ಟಿಗೆಯೊಂದನ್ನು ಬಿಚ್ಚಿ ತೋರಿಸಿ ಅದನ್ನೇ ಕೊಡಿಸಿ ಕಳಿಸಿದ್ದಾಳೆ.

ತಗಡು ಬಿಚ್ಚುವ ಆ ಚಾಳಿ ಕಲಿಸಿದವಳು ನಾನು. ನನಗೆ ಅದು ಎಲ್ಲಿಂದ ಬಂತು ಎನ್ನುವುದನ್ನು ಆಕೆಗೆ ಇಲ್ಲಿಯವರೆಗೆ ಹೇಳಿಲ್ಲ. ಸಂಜೆಯವರೆಗೆ ಸುಮ್ಮನೆ ಕೂರಲು ನನ್ನಿಂದಾಗದು. ಅದಕ್ಕೇ ಬರೆಯುತ್ತಿದ್ದೇನೆ. ಈ ಕಸಬಿಗೆ ಬರುವ ಹುಡುಗ ಹುಡುಗಿಯರು ಓದಿಕೊಳ್ಳಲಿ.

ನಾನು ಕುರುಗೋಡಿನವಳು. ಸಾಲಿ ನಾಲ್ಕನೇ ಇಯತ್ತೆಗೆ ಮುಗಿಯಿತು. ಬಳ್ಳಾರಿಗೆ ಸೊಸೆಯಾಗಿ ಬಂದು, ಕಿರಣನ ಅಪ್ಪ ವಿರೂಪಾಕ್ಷಪ್ಪನವರ ಅಂಗಡಿಯಲ್ಲಿ ಕಸ ಹೊಡೆಯಲು ಸೇರಿದೆ. ಆಗ ಅಲ್ಲಿ ರೇಡಿಯೋ, ಫ್ಯಾನು, ಮಿಕ್ಸಿ. ಒಂದು ದಿನ ಫ್ಯಾನು ಹಿಂದಕ್ಕೆ ಸರಿದು ಕಂಪ್ಯೂಟರ್ ಮುಂದಕ್ಕೆ ಬಂತು. ವಿರೂಪಾಕ್ಷಪ್ಪ ಸಾವ್ಕಾರರಿಗೆ ಕಂಪ್ಯೂಟರ್ ಬಗ್ಗೆ ಏನು ಗೊತ್ತಿತ್ತು? ಫ್ಯಾನಿನ ಬಗ್ಗೆ ಗೊತ್ತಿದ್ದಷ್ಟೇ, ಗಾಳಿ ಬರುತ್ತದೆ ಅಂತ. ಮೆಕ್ಯಾನಿಕ್ ಒಬ್ಬ ಇದ್ದ. ಅವನು ಉದುರಿಸಿದ ಸ್ಕ್ರೂಗಳನ್ನು ನಾನು ಕಸದಿಂದ ಆರಿಸಿ ಅಳತೆ ಪ್ರಕಾರ ಬೇರೆ ಬೇರೆ ಗ್ಲಾಸಿನಲ್ಲಿ ಹಾಕಿಡುತ್ತಿದ್ದೆ. ಅವನು ಹೊಸಪೇಟೆಗೆ ಓಡಿಹೋದ ದಿನ ಯಾವ ಸ್ಕ್ರೂ ಎಲ್ಲಿಯದು ಎಂದು ಬಲ್ಲವರು ಅಂಗಡಿಯಲ್ಲಿ ನಾನೊಬ್ಬಳೇ. ಪೊರಕೆ ಮೂಲೆಗಿಟ್ಟು ಸ್ಕ್ರೂಡ್ರೈವರ್ ಹಿಡಿದೆ. ಸಂಬಳ ಪಗಾರದ ಕಥೆ ಬಿಡಿ, ಅದರಲ್ಲಿ ರಸ ಇಲ್ಲ.

ಗಿರಾಕಿಗಳ ಕಥೆಯಲ್ಲಿ ರಸ ಇದೆ. ಮೊದಲು ಬಂದ ದೊಡ್ಡ ಗಿರಾಕಿ ಸಿರುಗುಪ್ಪದ ರೈಸ್‌ಮಿಲ್ಲಿನ ಗೌಡರು. ಬಂದವರು ಕಂಪ್ಯೂಟರ್ ಏನು ಮಾಡುತ್ತದೆ ಎಂದು ಕೇಳಲಿಲ್ಲ. ಪೆಟ್ಟಿಗೆಗೆ ಎರಡೂ ಕೈ ಹಾಕಿ ಭತ್ತದ ಚೀಲದ ಹಾಗೆ ಮೇಲೆತ್ತಿದರು. ಎತ್ತಿ, ಮುಖ ಕಿವಿಚಿ, ಗಡಿ ಕಡೆಯವರಲ್ಲವೇ, ತೆಲುಗಿನಲ್ಲಿ ಅಂದರು: "ಏಮಪ್ಪಾ, ಬರುವೇ ಲೇದು!" ತೂಕವೇ ಇಲ್ಲವಲ್ಲ ಎಂದು.

"ತೂಕ ಯಾಕ್ರಿ ಗೌಡ್ರ? ಇದು ಲೆಕ್ಕ ಮಾಡ್ತೈತಿ," ಅಂದರು ಸಾವ್ಕಾರರು.

"ತೂಕ ಇಲ್ದಿದ್ದು ಏನು ಲೆಕ್ಕ ಮಾಡೀತು? ಹೊಟ್ಟು ಐತಿ ಒಳಗ. ಕಾಳಿಲ್ಲ."

ಎದುರಂಗಡಿಗೆ ಹೋಗಿ ಅಲ್ಲಿನದನ್ನು ಎತ್ತಿ ನೋಡಿ, ಅದು ಭಾರ ಇತ್ತೆಂದು ಅದನ್ನೇ ಕೊಂಡರು. ನಗಬೇಡಿ. ಭತ್ತ, ಹತ್ತಿ, ಮೆಣಸಿನಕಾಯಿ, ಇವನ್ನು ಹುಟ್ಟಿದಾಗಿನಿಂದ ಕೈಯಲ್ಲಿ ತೂಗಿ ಬದುಕಿದ ಸೀಮೆ ನಮ್ಮದು. ಬೇಸರದ ಮಾತೆಂದರೆ ಗೌಡರು ಪೂರ್ತಿ ತಪ್ಪೂ ಅಲ್ಲ. ಕಂಪ್ಯೂಟರಿನಲ್ಲಿ ಕೈಯಲ್ಲಿ ಹಿಡಿದು ತೂಕ ನೋಡಬೇಕಾದ ಒಂದು ವಸ್ತು ಉಂಟು, ಅದೇ ಕರೆಂಟು ಹಂಚುವ ಪವರ್ ಸಪ್ಲೈ. ಒಳ್ಳೆಯದು ಭಾರ ಇರುತ್ತದೆ, ಒಳಗೆ ತಾಮ್ರ ಇರುತ್ತದೆ. ಕಳಪೆಯದು ಖಾಲಿ ಬೆಂಕಿಪೊಟ್ಟಣ. ಅದು ಒಂದು ಸಲ ಸುಟ್ಟರೆ ಜೊತೆಗೆ ನಾಲ್ಕು ಭಾಗಗಳನ್ನು ಕರೆದುಕೊಂಡು ಹೋಗುತ್ತದೆ.

ನಮ್ಮ ಸಾವ್ಕಾರರು ಗೌಡರಿಂದ ಬೇರೆಯದೇ ಪಾಠ ಕಲಿತರು. ಮಾರನೇ ದಿನ ಹಳೇ ಕಿರಾಣಿ ಅಂಗಡಿಯಿಂದ ಎರಡು ಕಿಲೋದ ಕಬ್ಬಿಣದ ತೂಕದಕಲ್ಲುಗಳನ್ನು ಗೋಣಿಚೀಲದಲ್ಲಿ ತರಿಸಿದರು. "ಹುಲಿಗೆಮ್ಮಾ, ಪೆಟ್ಟಿಗಿಗೊಂದು ಕಲ್ಲು, ತಂತಿ ಹಾಕಿ ತಳಕ್ಕ ಬಿಗಿ," ಅಂದರು. ಹಗುರದ ಪವರ್ ಸಪ್ಲೈ ಹಾಕುವುದು, ಕಲ್ಲು ಕಟ್ಟಿ ತೂಕ ಸರಿದೂಗಿಸುವುದು. ಬಿಗಿದವಳು ನಾನೇ. ಗಿರಾಕಿಗಳು ಎತ್ತಿ ನೋಡಿ ಸಂತೋಷದಿಂದ ಒಯ್ದರು. ಒಬ್ಬನೂ ತಗಡು ಬಿಚ್ಚಿ ನೋಡಲಿಲ್ಲ. ಬದನೆಕಾಯಿ ಕೊಳ್ಳುವಾಗ ತೊಟ್ಟು ಹಿಡಿದು, ಒತ್ತಿ, ತಿರುವಿ ನೋಡುವ ಜನ, ಕಂಪ್ಯೂಟರ್ ಎಂದರೆ ಕೈಮುಗಿದು ನಿಲ್ಲುತ್ತಾರೆ.

ಕೈಮುಗಿಯುವುದು ಎಂದಾಗ ನೆನಪಾಯಿತು. ನಮ್ಮ ಪೇಟೆಯ ವಕೀಲರೊಬ್ಬರು ಆಯುಧಪೂಜೆಗೆ ಕಂಪ್ಯೂಟರಿಗೆ ಅರಿಸಿನ, ಕುಂಕುಮ, ವಿಭೂತಿ ಎಲ್ಲ ಬಳಿದು, ಅದರ ನೆತ್ತಿಯ ಮೇಲೆಯೇ ತೆಂಗಿನಕಾಯಿ ಒಡೆದಿದ್ದರು. ಕಾಯಿನೀರು ಗಾಳಿಯ ಕಿಂಡಿಯಿಂದ ನೇರ ಒಳಗೆ. ನನ್ನನ್ನು ಕರೆಸಿ, "ಪೂಜಿ ಮಾಡಿದ ಮ್ಯಾಲೆ ಹೆಂಗ ಕೆಡ್ತೈತಿ? ನಿಮ್ಮ ಮಾಲೇ ಸರಿ ಇಲ್ಲ. ಕೇಸ್ ಹಾಕ್ತೀನಿ," ಅಂದರು. ತಗಡು ಬಿಚ್ಚಿ ತೋರಿಸಿದೆ. ಒಳಗೆ ಕೊಬ್ಬರಿ ಚೂರು ಇತ್ತು. "ಪ್ರಸಾದ ತಗೋರಿ ವಕೀಲ್ರ," ಅಂದೆ.

ಅವರ ಪಕ್ಕದ ಮನೆಯವರದು ಬೇರೆ ಭಕ್ತಿ. ಧೂಳು ಬೀಳಬಾರದೆಂದು ಮಖಮಲ್ ಬಟ್ಟೆಯಲ್ಲಿ ಗೌಸು ಹೊಲಿಸಿ, ಕಂಪ್ಯೂಟರ್ ನಡೆಯುತ್ತಿರುವಾಗಲೂ ಬಾಣಂತಿಗೆ ಹೊದಿಸಿದಂತೆ ಹೊದಿಸಿಡುತ್ತಿದ್ದರು. ಬಳ್ಳಾರಿಯ ಬಿಸಿಲಿನಲ್ಲಿ! ಮನುಷ್ಯರೇ ಬನಿಯನ್ ಬಿಚ್ಚಿ ಒದ್ದೆ ಟವೆಲ್ ಹೊದ್ದು ಮಲಗುವ ಊರಿನಲ್ಲಿ! ಅದು ಉಸಿರುಕಟ್ಟಿ ಸತ್ತಿತು. ಆದ್ದರಿಂದ ಮಾರುವ ಮೊದಲು ಕೇಳಿ: ಎಲ್ಲಿಡುತ್ತೀರಿ? ಗೋಡೆಗೆ ಒತ್ತಿ ಇಡುತ್ತೀರಾ, ಮಂಚದ ಕೆಳಗಾ, ಮಿಲ್ಲಿನ ತೌಡಿನ ಧೂಳಿನಲ್ಲಾ? ಆ ಜಾಗ ತಿಳಿಯದೆ ಪೆಟ್ಟಿಗೆ ಆರಿಸಿಕೊಟ್ಟರೆ ನಿಮ್ಮದೇ ತಪ್ಪು.

ಸರ್ಕಾರಿ ಕಚೇರಿಯೊಂದರ ಹೆಸರು ಹೇಳುವುದಿಲ್ಲ. ಅಲ್ಲಿಗೆ ಎಂಟು ಕಂಪ್ಯೂಟರ್ ಜೋಡಿಸಲು ಹೋದೆ. ಕೋಣೆಯಲ್ಲಿ ಪ್ಲಗ್ ಪಾಯಿಂಟ್ ಒಂದೇ ಇತ್ತು. ಅದರಲ್ಲಿ ದೊಡ್ಡ ಸಾಹೇಬರ ಕೂಲರ್ ಚುಚ್ಚಿತ್ತು.

"ಕೂಲರ್ ತೆಗೀಲೇನ್ರಿ?" ಎಂದು ಗುಮಾಸ್ತರನ್ನು ಕೇಳಿದೆ.

"ಏನಮ್ಮಾ, ನಮ್ಮನ್ನ ವರ್ಗಾ ಮಾಡಿಸ್ಬೇಕಂತೀಯೇನು?" ಅಂದರು.

ಸ್ವಲ್ಪ ವರ್ಷ ಬಿಟ್ಟು ಮತ್ತೆ ಹೋದಾಗ ಎಂಟರಲ್ಲಿ ಒಂದರ ಪ್ಲಾಸ್ಟಿಕ್ ಚೀಲವನ್ನೂ ತೆಗೆದಿರಲಿಲ್ಲ. "ತೆಗದ್ರ ಹಳೇವಾಗ್ತಾವ," ಅಂದರು ಅದೇ ಗುಮಾಸ್ತರು. ಮುಟ್ಟದೆಯೇ ಅವು ಹಳೆಯವಾಗಿ ಹೋಗಿದ್ದವು. ಈ ವಸ್ತು ಉಪ್ಪಿನಕಾಯಿ ಅಲ್ಲ, ಇಟ್ಟಷ್ಟೂ ರುಚಿ ಏರುವುದಿಲ್ಲ. ಬೇಕಾದಾಗ ಬೇಕಾದಷ್ಟೇ ಕೊಳ್ಳಿ. ಆಮೇಲೆ ಮೆಮೊರಿ ಹೆಚ್ಚಿಸಲು ಒಳಗೆ ಒಂದು ಖಾಲಿ ಜಾಗ ಇದೆಯೇ ಎಂದು ನೋಡಿಕೊಳ್ಳಿ, ಸಾಕು. ಮೇಜಿನ ಮೇಲಿನ ಕಂಪ್ಯೂಟರ್ ಕೊಳ್ಳುವುದರ ದೊಡ್ಡ ಸುಖವೇ ಅದು. ಭಾಗ ಕೆಟ್ಟರೆ ಭಾಗ ಬದಲಿಸಬಹುದು, ಇಡೀ ಯಂತ್ರ ಎಸೆಯಬೇಕಾಗಿಲ್ಲ.

ಇನ್ನು ದೇಶನೂರಿನ ವಿಷಯ. ಇದನ್ನು ಬರೆಯಲು ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ.

ದೇಶನೂರಿನಲ್ಲಿ ಶಾರದಮ್ಮ ಎಂಬವರು ಮನೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಟೈಪಿಂಗ್ ಹೇಳಿಕೊಡುತ್ತಿದ್ದರು. ಪರೀಕ್ಷೆ ಕಂಪ್ಯೂಟರಿನಲ್ಲೇ ಎಂದು ಆ ವರ್ಷ ಹೊಸ ನಿಯಮ ಬಂದಿತ್ತು. ಅವರು ನಮ್ಮಲ್ಲಿ ಒಂದು ಕಂಪ್ಯೂಟರ್ ಕೊಂಡರು. ಅವರು ಎತ್ತಿ ನೋಡಲಿಲ್ಲ. ನನ್ನನ್ನು ನೋಡಿ, "ನೀವು ಹೆಣ್ಮಕ್ಳು, ಒಳ್ಳೇದನ್ನ ಕೊಡ್ತೀರಿ ಬಿಡ್ರಿ," ಅಂದರು. ಆ ಪೆಟ್ಟಿಗೆಯಲ್ಲೂ ಕಲ್ಲು ಇತ್ತು.

ಕಾಲುವೆ ಪಕ್ಕದ ರಸ್ತೆಯಲ್ಲಿ ಟಂಟಂ ಗಾಡಿಯಲ್ಲಿ ಕುಲುಕುತ್ತ ಹೋದೆವು. ಅವರ ಮನೆಯಲ್ಲಿ ಏಳೆಂಟು ಹುಡುಗಿಯರು ತಲೆ ಬಾಚಿ ಹೂ ಮುಡಿದು ಕಾಯುತ್ತಿದ್ದರು. ಕಂಪ್ಯೂಟರಿಗೆ ಆರತಿ ಎತ್ತಿದರು. ಗುಂಡಿ ಒತ್ತಿದೆ. ಚಟ್ ಎಂದು ಸದ್ದಾಯಿತು, ಸುಟ್ಟ ವಾಸನೆ ಬಂತು, ಆಮೇಲೆ ಏನೂ ಇಲ್ಲ. ತಗಡು ಬಿಚ್ಚಿದೆ. ತಂತಿ ಕಿತ್ತು ಕಲ್ಲು ಉರುಳಿ ಮದರ್‌ಬೋರ್ಡಿನ ಮೇಲೆ ಮಲಗಿತ್ತು. ಬೋರ್ಡು ಸೀಳಿತ್ತು.

ಶಾರದಮ್ಮ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. "ಏನಾತ್ರಿ?"

ಕಲ್ಲಿನ ಮೇಲೆ ಸೆರಗು ಹಾಕಿದೆ. ಸೆರಗಿನೊಳಗೇ ಅದನ್ನು ಎತ್ತಿ ಮಡಿಲಿಗೆ ಇಳಿಸಿಕೊಂಡೆ. "ರಸ್ತಿ ಸರಿ ಇಲ್ರಿ, ಅಕ್ಕಾರ. ಕುಲುಕಾಟಕ್ಕ ಸೀಳೈತಿ," ಅಂದೆ.

ಅವರು ನಂಬಿದರು. ಊಟಕ್ಕೆ ಕೂರಿಸಿದರು. ಎರಡು ಕಿಲೋ ಕಬ್ಬಿಣ ಮಡಿಲಲ್ಲಿಟ್ಟುಕೊಂಡು ಅವರ ಮನೆಯ ಅನ್ನ ಉಂಡೆ.

ಹೊಸ ಬೋರ್ಡು ದೂರದಿಂದ ಬರಬೇಕಿತ್ತು. ಬರುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಕೀಲಿಮಣೆ ಮುಟ್ಟದೆ ಪರೀಕ್ಷೆಗೆ ಹೋದ ಹುಡುಗಿಯರಲ್ಲಿ ಒಬ್ಬಳೂ ಪಾಸಾಗಲಿಲ್ಲ. ಇಬ್ಬರಿಗೆ ಮನೆಯವರು ಮತ್ತೆ ಕೂರಲು ಬಿಡಲಿಲ್ಲ ಎಂದು ಆಮೇಲೆ ಕೇಳಿದೆ. ಆ ಕಲ್ಲು ಬಿಗಿದದ್ದು ಸಾವ್ಕಾರರ ಮಾತಿಗೆ. ಸೆರಗು ಮುಚ್ಚಿದ್ದು ಯಾರ ಮಾತಿಗೂ ಅಲ್ಲ.

ಕಲ್ಲು ಎಸಿ ಎಂದರು ಸಾವ್ಕಾರರು. ನಾನು ಮನೆಗೆ ತಂದೆ. ಅವತ್ತಿನಿಂದ ಇವತ್ತಿನವರೆಗೂ ಅದು ನಮ್ಮ ಮೊಸರಿನ ಗಡಿಗೆಯ ಮುಚ್ಚಳದ ಮೇಲಿದೆ, ಬೆಕ್ಕು ಬಾಯಿ ಹಾಕಬಾರದೆಂದು. ಮನೆಯವರಿಗೆ ಗೊತ್ತಿರುವುದು ಅಷ್ಟೇ.

ಮಾರನೇ ದಿನದಿಂದ ನಾನು ಗಿರಾಕಿಯ ಎದುರಿಗೆ ತಗಡು ಬಿಚ್ಚದೆ ಒಂದು ಪೆಟ್ಟಿಗೆಯನ್ನೂ ಕೊಡಲಿಲ್ಲ. ಕಲ್ಲುಗಳನ್ನೆಲ್ಲ ಮೊದಲೇ ಕಿತ್ತಿಟ್ಟೆ. ಸಾವ್ಕಾರರು ಕುಣಿದಾಡಿದರು.

"ಏನಬೇ, ಅಂಗಡಿ ನಿಂದೋ ನಂದೋ?"

"ನಿಮ್ದರೀ. ಬ್ಯಾಡಂದ್ರ ಬಿಡ್ತೀನಿ. ಎದುರಂಗಡ್ಯಾಗ ಕರದಾರ. ಅಲ್ಲಿ ಕುಂತು ನಿಮ್ಮ ಪೆಟ್ಟಿಗಿ ಬಿಚ್ಚಿ ತೋರಿಸ್ತೀನಿ."

ಎದುರಂಗಡಿಯವರು ಕರೆದೇ ಇರಲಿಲ್ಲ. ಸಾವ್ಕಾರರು ಒಂದು ಲೋಟ ನೀರು ಕುಡಿದು ಒಳಗೆ ಹೋದರು. ಕೆಲಸ ಬಿಡುವವರೆಗೂ ಬಿಚ್ಚುತ್ತಲೇ ಇದ್ದೆ. ನನ್ನನ್ನು ಅವರು ಇಟ್ಟುಕೊಂಡದ್ದು ಪ್ರೀತಿಯಿಂದ ಅಂತ ಜನ ಅಂದುಕೊಂಡಿದ್ದಾರೆ.

ಈಗ ಕಾಲ ಬದಲಾಗಿದೆ. ಹೊಟ್ಟೆ ಬಂದ ಹಳೇ ಮಾನಿಟರ್ ಎತ್ತಲು ಇಬ್ಬರು ಬೇಕಾಗುತ್ತಿತ್ತು, ಈಗಿನ ಪರದೆಯನ್ನು ಕಂಕುಳಲ್ಲಿ ಒಯ್ಯಬಹುದು. ಮೊದಲು ಕಂಪ್ಯೂಟರ್ ಚಾಲೂ ಆಗುವಷ್ಟರಲ್ಲಿ ಒಂದು ಪ್ಲೇಟ್ ಮಂಡಕ್ಕಿ ಉಗ್ಗಾಣಿ, ಎರಡು ಮಿರ್ಚಿ ಮುಗಿಯುತ್ತಿದ್ದವು. ಈಗ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಬಂದು, ಮಿರ್ಚಿ ಬಾಯಿಗಿಡುವುದರೊಳಗೆ ಅದು ಎದ್ದು ಕೂತಿರುತ್ತದೆ. ಕಚೇರಿ ಕೆಲಸಕ್ಕೆ ಎಂದು ಬಂದವರಿಗೆ ನಾನು ಹೇಳುವುದು: ಮೊದಲು ಆ ಎಸ್‌ಎಸ್‌ಡಿ ಇರಲಿ, ಮೆಮೊರಿ ಸಾಕಷ್ಟು ಇರಲಿ, ಪ್ರೊಸೆಸರ್ ನಡುವಿನದು ಸಾಕು. ಗ್ರಾಫಿಕ್ಸ್ ಕಾರ್ಡ್ ಆಟದವರಿಗೆ, ವಿಡಿಯೋದವರಿಗೆ. ಉಳಿದದ್ದರಲ್ಲಿ ಒಳ್ಳೆಯ ಯುಪಿಎಸ್, ಕಣ್ಣು ನೋಯಿಸದ ಪರದೆ. ದಿನವಿಡೀ ಬೆರಳಾಡುವ ಕೀಬೋರ್ಡನ್ನು ಒತ್ತಿ ನೋಡದೆ ಕೊಳ್ಳಬಾರದು. ಬಿಲ್ಲಿನ ಮೇಲೆ ಪ್ರತಿ ಭಾಗದ ಹೆಸರು, ಗ್ಯಾರಂಟಿ ಎಷ್ಟು ದಿನ ಎಂದು ಬರೆಸಿಕೊಳ್ಳಿ. "ಅದೇನಿಲ್ರಿ, ನಾವದೀವಲ್ಲ" ಎನ್ನುವ ಅಂಗಡಿಯವನು ಯಂತ್ರ ಕೆಟ್ಟ ದಿನ ಇರುವುದಿಲ್ಲ. ನಾನು ಆ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ.

ಆದರೆ ಗಿರಾಕಿ ಬದಲಾಗಿಲ್ಲ. ಆಗ ತೂಕ ನೋಡುತ್ತಿದ್ದರು, ಈಗ ದೀಪ ನೋಡುತ್ತಾರೆ. ಈಗ ಒಂದು ಪಕ್ಕಕ್ಕೆ ಗಾಜನ್ನೇ ಕೂರಿಸಿರುತ್ತಾರೆ, ಆ ಕಡೆ ಬಿಚ್ಚುವ ಕಷ್ಟವೂ ಇಲ್ಲ. ಆದರೂ ಒಳಗೆ ಏನಿದೆ ಎಂದು ನೋಡುವವರಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಸಂಜೆ ಏಳಾಯಿತು. ಆಗ ಎದ್ದೆ. ಇಲ್ಲಿಂದ ಮುಂದಿನದು ಬೆಳಿಗ್ಗೆ ಬರೆದದ್ದು.

ಸೊಸೆ ಲಕ್ಷ್ಮಿ ಹೆಸರುಬೇಳೆ ಪಾಯಸಕ್ಕಿಟ್ಟಿದ್ದಳು. "ಅತ್ತಿ, ಕೆಲ್ಸ ಹೋದ್ರೂ ಪಾಯ್ಸನಾ?" ಅಂದಳು. "ಹೋದ್ರ ಎರಡು ಲೋಟ," ಅಂದೆ. ಬಾಯಲ್ಲಿ ಅಂದೆ ಅಷ್ಟೇ. ನನ್ನಿಂದ ಕಲಿತ ಚಾಳಿಗೆ ಹುಡುಗಿಯ ಅನ್ನ ಹೋಗುತ್ತದಲ್ಲ!

ಪಲ್ಲವಿ ಏಳೂವರೆಗೆ ಬಂದಳು. ಚಪ್ಪಲಿ ಬಿಟ್ಟು, ಮುಖ ಗಂಟು ಹಾಕಿಕೊಂಡು ಕುಳಿತಳು. "ಅಜ್ಜಿ, ನಾಳಿಂದ ಬಾಗಲ್ದಾಗ ನಿಂದ್ರಂಗಿಲ್ಲ ನಾನು."

"ಬಿಡಿಸಿದ್ರೇನು?"

"ಒಳಗ ಮೇಜು ಹಾಕಿ ಕೊಟ್ಟಾರ!" ಎಂದು ನಕ್ಕುಬಿಟ್ಟಳು.

ಮಾತು ಹೀಗೆ ನಡೆದಿತ್ತಂತೆ. ಕಿರಣ ಬಿಡಿಸುವವನೇ ಇದ್ದ. ದೇವರ ಪಟದ ಕೆಳಗಿನ ಕುರ್ಚಿಯಲ್ಲಿ ವಿರೂಪಾಕ್ಷಪ್ಪನವರು ದಿನವಿಡೀ ತೂಕಡಿಸುತ್ತ ಕೂತಿರುತ್ತಾರೆ. ಕಣ್ಣು ತೆರೆಯದೆಯೇ ಮಗನಿಗೆ ಹೇಳಿದರಂತೆ: "ಲೇ ಕಿರಣಾ, ಆಕೀನ ಬಿಡಿಸಬ್ಯಾಡ. ಬಿಡಿಸಿದ್ರ ಎದುರಂಗಡ್ಯಾಗ ಕುಂತು ನಮ್ಮ ಪೆಟ್ಟಿಗಿ ಬಿಚ್ಚತಾಳ. ಇವರಜ್ಜಿ ನನಗ ಹಿಂಗ ಹೆದ್ರಿಸಿ ಕೆಲ್ಸ ಮಾಡಿ ಹೋದ್ಲು." ಕಿರಣ ಅಪ್ಪನಿಗಿಂತ ಜಾಣ. ಬಿಡಿಸಲಾಗದಿದ್ದರೆ ಆ ಬಿಚ್ಚುವ ಚಾಳಿಯನ್ನೇ ಮಾರೋಣ ಎಂದು ಕೂತಲ್ಲೇ ಬೋರ್ಡು ಬರೆಯಲು ಹೇಳಿದನಂತೆ, 'ನಮ್ಮಲ್ಲಿ ಬಿಚ್ಚಿ ತೋರಿಸಲಾಗುತ್ತದೆ' ಎಂದು. ದೀಪದ ಯಂತ್ರವನ್ನು ಆ ಬೋರ್ಡಿನ ಕೆಳಗೇ ಇಡುತ್ತಾನಂತೆ. ವ್ಯಾಪಾರಿ ಜಾತಿ ಬೇರೆಯೇ.

ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ನಮ್ಮ ಯಜಮಾನರು, ಮಗ ಶೇಖರ, ಸೊಸೆ, ಪಲ್ಲವಿ, ನಾನು. ಜೋಳದ ರೊಟ್ಟಿ, ಪುಂಡಿಪಲ್ಯ, ಪಾಯಸ. ಶೇಖರ ಮಗಳ ಬೆನ್ನು ತಟ್ಟಿ, "ನಮ್ಮವ್ವನಂಗ ಆದಿ ನೋಡು. ನಮ್ಮವ್ವ ಒಂದು ದಿನ ಸುಳ್ಳು ಹೇಳಿ ಮಾರ್ದಾಕಿ ಅಲ್ಲ," ಅಂದ.

 ಎದ್ದು ಹೋಗಿ ಗಡಿಗೆಯ ಮೇಲಿನ ಕಲ್ಲು ತಂದು ತಟ್ಟೆಗಳ ನಡುವೆ ಇಟ್ಟೆ. ದೇಶನೂರು, ಶಾರದಮ್ಮ, ಸೆರಗು, ಎಲ್ಲ ಹೇಳಿದೆ.

ಶೇಖರ ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟ.

"ಶಾರದಮ್ಮಗ ಹೇಳಿಯೇನು?" ಅಂದಳು ಪಲ್ಲವಿ.

"ಇಲ್ಲ."

"ಐತಾರ ನಂಗ ಸೂಟಿ ಐತಿ. ಇಬ್ರೂ ಹೋಗೂನು. ಇದನ್ನೂ ತಗಂಡು ಹೋಗೂನು." ಕಲ್ಲನ್ನು ತನ್ನ ಕಡೆಗೆ ಎಳೆದುಕೊಂಡಳು.

ಯಜಮಾನರು ಅವಳ ಕೈಯಿಂದ ಅದನ್ನು ತಗೊಂಡು, ನನ್ನ ಬಾಯಲ್ಲಿ ನೂರು ಸಲ ಕೇಳಿದ್ದ ಸಿರುಗುಪ್ಪದ ಗೌಡರ ಹಾಗೆ ಮೇಲೆತ್ತಿ, ಮುಖ ಕಿವಿಚಿ ನೋಡಿದರು. "ಬರುವುಂದಿ," ಅಂದರು. ತೂಕ ಇದೆ ಎಂದು.

ಮೊದಲು ನಕ್ಕವಳು ಲಕ್ಷ್ಮಿ. ಆಮೇಲೆ ಎಲ್ಲರೂ. ನಾನು ಕಣ್ಣೊರೆಸಿಕೊಂಡು ಅವಳಿಗೆ ಗಡಿಗೆ ತರಲು ಹೇಳಿದೆ. ಮುಚ್ಚಳದ ಮೇಲೆ ಇನ್ನು ಕಲ್ಲಿಲ್ಲ, ಬೆಕ್ಕಿಗೆ ಉಳಿಸುವುದೇಕೆ? ಇದ್ದ ಮೊಸರನ್ನೆಲ್ಲ ಐದೂ ತಟ್ಟೆಗೆ ಬಡಿಸಿದೆವು.